ಕೆಮ್ಮದ ಕಾವಲುಗಾರ

ಜುಲೈ 14, ಸೋಮವಾರ

ನಾನು ತಯಾರಿಸುತ್ತಿರುವ ಮೊದಲ ಮೊಬೈಲ್ ಗೇಮಿನ ಈ ದರಿದ್ರ ಕಾವಲುಗಾರ ಇವತ್ತೂ ಸರಿಯಾಗಲಿಲ್ಲ. ಆಡುವವರು ಅವನ ಕಣ್ಣು ತಪ್ಪಿಸಿ, ದೋಣಿಯಿಂದ ದೋಣಿಗೆ ಹಾರುತ್ತ ಬಾಗಿಲು ಸೇರಬೇಕು. ಅವನು ಸದ್ದಿಲ್ಲದೆ ತಿರುಗಿಬಿಡುತ್ತಾನೆ, ಎಲ್ಲರೂ ಸಿಕ್ಕಿಬೀಳುತ್ತಾರೆ.

ಸಂಜೆ ತಂಗಿ ರಮಿತಾ ಆಡಿದಳು. ಮೂರು ಸಲ ಸಿಕ್ಕಿಬಿದ್ದು ಮೊಬೈಲು ಕೆಳಗಿಟ್ಟಳು.

"ಅಣ್ಣ, ಇವ ಬಪ್ಪುಕ್ ಮುಂಚೆ ಕೆಮ್ಮುದಿಲ್ಯಾ?"

ಅವನು ಯಾರೆಂದು ನಾನು ಅವಳಿಗೆ ಹೇಳಿರಲೇ ಇಲ್ಲ.

ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುವ ಎರಡು ತಿಂಗಳು ಅಪ್ಪಯ್ಯ ಮನೆಯಲ್ಲೇ ಕುಡಿದು ಹೊಡೆಯುತ್ತಿದ್ದ. ಹಂಗಾರಕಟ್ಟೆಯಲ್ಲಿ ದುರಸ್ತಿಗೆ ಎಳೆದಿಟ್ಟ ದೋಣಿಗಳಡಿ ನಾವಿಬ್ಬರೂ ಅಡಗುತ್ತಿದ್ದೆವು. ಅವನ ಕೆಮ್ಮು ಕೇಳಿದರೆ ಜಾಗ ಬದಲಿಸಲು ಹೊತ್ತು ಸಿಗುತ್ತಿತ್ತು. ಅಮ್ಮ ಓಡುತ್ತಿರಲಿಲ್ಲ.

ಅವನು ಸತ್ತು ಆರು ವರ್ಷವಾಯಿತು.

ಈಗಷ್ಟೇ ಗೇಮಿಗೆಂದು ಅವನ ಹಾಗೆ ಕೆಮ್ಮಿ ರೆಕಾರ್ಡ್ ಮಾಡಿದೆ. ಒಳಕೋಣೆಯಲ್ಲಿ ಅಮ್ಮ ದಡಬಡಿಸಿ ಎದ್ದು ಚಿಲಕ ಹಾಕಿಕೊಂಡಳು.