ಎರಡನೆಯ ವರ್ಷದ ಅಂಕಗಳು

ಮಿಲ್‌ಸ್ಟೋನ್ ಕಣಿವೆ, ಪೂರ್ವ ಕೆಂಟಕಿ
17 ಆಗಸ್ಟ್ 1998, ಸೋಮವಾರ

ನನ್ನ ಮಗು ರೊವೀನಾ,

ಕರ್ತನು ನಿನ್ನನ್ನು ಕಾಯಲಿ. ನಿನ್ನ ಕೆಮ್ಮು ಇಳಿದಿದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿಕೊಂಡು ಈ ಕಾಗದ ಹಿಡಿದಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಫೋನಿನಲ್ಲಾದರೆ ನೀನು ‘ಇರಲಿ ಬಿಡಮ್ಮ’ ಅಂದುಬಿಡುತ್ತೀಯ, ನನಗೂ ಅಷ್ಟೇ ಬೇಕಾಗಿರುತ್ತದೆ. ಕಾಗದವಾದರೆ ಕೊನೆಯವರೆಗೂ ಬರೆಯಲೇಬೇಕು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೀನು ಸೇರಬೇಕೆಂದಿರುವ ದಂತವೈದ್ಯ ಕಾಲೇಜಿನವರು ಕೇಳಿದರೆ ಇದನ್ನೇ ತೆಗೆದು ತೋರಿಸು ಅಂತ. ನಾನು ಓದಿದ್ದು ತೊರೆಯ ಪಕ್ಕದ ಒಂದು ಕೋಣೆಯ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ. ತಪ್ಪಿದ್ದರೆ ಅವರು ತಿದ್ದಿ ಓದಿಕೊಳ್ಳಲಿ.

ಹೋದ ತಿಂಗಳು ನೀನು ಬಂದಿದ್ದಾಗ ಜಗಲಿಯಲ್ಲಿ ಇಬ್ಬರೂ ಬೀನ್ಸನ್ನು ಒಣಗಿಸಲು ದಾರಕ್ಕೆ ಪೋಣಿಸುತ್ತಾ ಕೂತಿದ್ದೆವು. ನೀನು ಕೆಲಸದಿಂದ ಕಣ್ಣೆತ್ತದೆ ಕೇಳಿದೆ.

“ಅಮ್ಮ, ಕಾಲೇಜಿನೋರು ಒಂದು ಪುಟ ಬರ್ಕೊಡಿ ಅಂದಿದಾರೆ. ಎರಡನೇ ವರ್ಷ ಯಾಕೆ ಹಾಗಾಯ್ತು ಅಂತ. ನಿಜ ಬರೀಲಾ?”

“ಬೇಡ ಕಣೇ. ಬೇರೆ ಏನಾದ್ರೂ ಬರಿ.”

“ಬೇರೆ ಏನು ಬರೀಲಿ? ದಡ್ಡಿ ಆಗಿದ್ದೆ ಅಂತ ಬರೀಲಾ?”

“ನಿಂಗೆ ಬರಿಯೋಕೆ ಬರತ್ತಲ್ಲ, ಏನಾದ್ರೂ ಹೊಂದಿಸು,” ಅಂದೆ ನಾನು.

ನೀನು ಕೈಯಲ್ಲಿದ್ದ ಸರ ಮುಗಿಸಿ, ಗಂಟು ಹಾಕಿ, ಒಳಗೆ ತೂಗುಹಾಕಿ ಬಂದೆ. ಆ ಸರ ಈಗ ಒಲೆಯ ಹಿಂದೆ ಒಣಗಿದೆ. ನಾನಿನ್ನೂ ಅದನ್ನು ಮುಟ್ಟಿಲ್ಲ.

ಮಗೂ, ನಿನ್ನ ಪಾಡು ನನಗೆ ಅರ್ಥವಾಗದೆ ಇಲ್ಲ. ಹಗಲು ದಂತವೈದ್ಯರ ಬಳಿ ಸಲಕರಣೆ ತೊಳೆಯುತ್ತೀಯ, ಸಂಜೆ ಕ್ಲಾಸಿಗೆ ಹೋಗುತ್ತೀಯ. ಎರಡೂವರೆ ವರ್ಷದಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಎಲ್ಲವನ್ನೂ ಮೊದಲಿನಿಂದ ಓದಿ ಎಲ್ಲದರಲ್ಲೂ ಮೇಲಿನ ದರ್ಜೆ ತೆಗೆದಿದ್ದೀಯ. ಆದರೆ ಅವರು ಹಳೆಯದನ್ನೂ ಸೇರಿಸಿಯೇ ಸರಾಸರಿ ತೆಗೆಯುತ್ತಾರಂತೆ. ಇತಿಹಾಸ ಓದಿದ ಆ ನಾಲ್ಕು ವರ್ಷ, ಅದರಲ್ಲೂ ಎರಡನೆಯ ವರ್ಷ, ನಿನ್ನನ್ನು ಹಿಡಿದು ಕೆಳಗೆ ಎಳೆಯುತ್ತದಂತೆ. ಕಳೆದೆರಡು ಸಲವೂ ಅವರು ಬೇಡ ಅಂದರು. ಈ ಸಲ ಒಬ್ಬರು ನಿನ್ನನ್ನು ಕೂರಿಸಿಕೊಂಡು ಹೇಳಿದರಂತೆ: ನಿನ್ನ ಕೈಲಾಗತ್ತೆ ಅಂತ ಗೊತ್ತಾಯ್ತಮ್ಮ, ಆದ್ರೆ ಮಧ್ಯದಲ್ಲಿ ಒಂದು ಗುಂಡಿ ಇದೆ. ಅದೇನು ಅಂತ ತಿಳೀದೆ, ಮತ್ತೆ ಬೀಳಲ್ಲ ಅಂತ ನಾವು ಹೇಗೆ ನಂಬೋದು? ಕಾಗದಪತ್ರ ಈ ತಿಂಗಳ ಕೊನೆಗೆ ಹೋಗಬೇಕು. ಇದೂ ಆಗದಿದ್ದರೆ ಇನ್ನು ಕೇಳುವುದಿಲ್ಲ ಅಂದೆ ನೀನು. ಸಿಟ್ಟಿನಿಂದ ಅಂದಿದ್ದರೆ ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನೀನು ತಣ್ಣಗೆ ಅಂದೆ.

ನಿನ್ನ ಐಸಿ ಅತ್ತೆ ಈ ವಿಷಯ ಮೊದಲು ಕೇಳಿದಾಗ ಏನಂದಳು ಗೊತ್ತಲ್ಲ. “ಇತಿಹಾಸ ಓದ್ದೋಳು ಹಲ್ಲು ಕೀಳೋಕೆ ಹೊರಟ್ಳಂತೆ! ಸತ್ತ ರಾಜರ ಹಲ್ಲು ಎಣಿಸ್ತಾಳೇನೋ.” ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಆ ಕೈಯನ್ನು ನೋಡಿಯೇ ನೀನು ಬೆಳೆದೆ. ನನಗೆ ಹದಿನೆಂಟು ತುಂಬಿದ ವಾರ, ಮದುವೆಗೆ ಮುಂಚೆ, ನನ್ನಪ್ಪ ಪೇಟೆಗೆ ಕರೆದುಕೊಂಡು ಹೋಗಿ ಅಷ್ಟೂ ಹಲ್ಲು ಕೀಳಿಸಿ ಕಟ್ಟು ಹಲ್ಲು ಮಾಡಿಸಿಕೊಟ್ಟ. ಅದೇ ನನ್ನ ಮದುವೆಯ ಉಡುಗೊರೆ. ಮುಂದೆ ಗಂಡನಿಗೆ ಹಲ್ಲಿನ ಖರ್ಚಿನ ತೊಂದರೆ ಬರಬಾರದು ಅಂತ ಆಗ ಎಲ್ಲರೂ ಹಾಗೇ ಮಾಡಿಸುತ್ತಿದ್ದರು. ಒಂದೂ ಹುಳುಕಿರಲಿಲ್ಲ. ನಾನು ಅಳಲಿಲ್ಲ. ಅಳಬೇಕು ಅಂತ ಗೊತ್ತೂ ಇರಲಿಲ್ಲ.

ಮೂರು ವರ್ಷದ ಹಿಂದೆ ಪ್ರೌಢಶಾಲೆಯ ಆಟದ ಅಂಗಳದಲ್ಲಿ ಪುಕ್ಕಟೆ ಹಲ್ಲು ನೋಡುವ ಶಿಬಿರ ಆಯಿತಲ್ಲ, ಆಗ ನೀನಿನ್ನೂ ಕೋರ್ಟಿನ ಕಚೇರಿಯಲ್ಲಿ ಜಮೀನಿನ ಪತ್ರ ಬರೆಯುತ್ತಿದ್ದೆ. ದೀಪ ಹಿಡಿಯಲು ಜನ ಬೇಕು ಅಂತ ಹೋಗಿದ್ದೆ. ನಾನು ಕಟ್ಟು ಹಲ್ಲು ಸರಿ ಮಾಡಿಸಲು ಸಾಲಿನಲ್ಲಿ ಕೂತು ನೋಡುತ್ತಿದ್ದೆ. ಒಂದು ಹುಡುಗಿ ಬಂದಳು, ಇಪ್ಪತ್ತು ಇಪ್ಪತ್ತೊಂದು ಇರಬೇಕು. “ಡಾಕ್ಟ್ರೇ, ಎಲ್ಲಾ ಕಿತ್ತುಬಿಡಿ. ಜೂನ್‌ನಲ್ಲಿ ನನ್ನ ಮದುವೆ,” ಅಂದಳು. ಶಿಬಿರದ ಡಾಕ್ಟರ್ ಪೆಲ್ಫ್ರಿ ಇನ್ನೂ ಬಾಯಿ ತೆರೆದಿರಲಿಲ್ಲ, ನೀನು ದೀಪ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೆ. “ಬೇಡ ಕಣೇ, ಇವೆಲ್ಲಾ ಚೆನ್ನಾಗಿವೆ. ಇವು ನಿನ್ನವು.” ಅಷ್ಟೇ ಅಂದಿದ್ದು. ಆ ಹುಡುಗಿ ಎರಡು ಹಲ್ಲು ತುಂಬಿಸಿಕೊಂಡು ಅಷ್ಟನ್ನೂ ಉಳಿಸಿಕೊಂಡು ಹೋದಳು. ಆವತ್ತು ಸಾಲಿನಲ್ಲಿ ಕೂತು ನಾನು ದೇವರಿಗೆ ಸ್ತೋತ್ರ ಮಾಡಿದೆ. ಇವಳು ಇದಕ್ಕೇ ಹುಟ್ಟಿದವಳು ಅಂತ ನನ್ನ ಮನಸ್ಸಿಗೆ ಬಂತು. ನಿನಗೆ ಹೇಳಲಿಲ್ಲ. ಹೇಳಿದ್ದರೆ ಆ ಎರಡನೆಯ ವರ್ಷದ ಮಾತು ಬರುತ್ತಿತ್ತು.

ಆ ವರ್ಷದ ಮಾತಿಗೆ ಬರುತ್ತೇನೆ.

1988ರಲ್ಲಿ ಗಣಿ ಮುಚ್ಚಿ ನಿನ್ನಪ್ಪ ಹಾರ್ಲನ್ ಒಹಾಯೋದ ಕಾರ್ಖಾನೆಗೆ ಹೋದ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬಂದು ಹೋಗುತ್ತಿದ್ದ. ನೀನು ಕಾಲೇಜಿಗೆ ಹೋಗಿ ಒಂದು ವರ್ಷ ಆಗಿತ್ತು. ಮನೆಯಲ್ಲಿ ನಾನೊಬ್ಬಳೇ. ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ನನಗೆ ಏಳಲಾಗಲಿಲ್ಲ. ಜ್ವರವಿಲ್ಲ, ನೋವಿಲ್ಲ. ಕಾಲು ಕೆಳಗಿಡಲು ಒಂದು ಕಾರಣ ಬೇಕಾಗಿತ್ತು, ಅದು ಸಿಗುತ್ತಿರಲಿಲ್ಲ. ಕೋಳಿಗಳು ಕೂಗಿ ಕೂಗಿ ಸುಮ್ಮನಾದವು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅದಕ್ಕೇ ನಾನು ಹೆದರಿದ್ದು.

ನೀನು ಫೋನ್ ಮಾಡಿ ನನ್ನ ದನಿ ಕೇಳಿ ಮಾರನೆಯ ದಿನವೇ ಬಂದೆ. ಆಮೇಲೆ ಪ್ರತಿ ಗುರುವಾರ ಬಸ್ಸು ಹತ್ತಿ ಬರುವುದು, ಸೋಮವಾರ ಹೋಗುವುದು. ನನ್ನ ತಲೆ ತೊಳೆದೆ, ಬಾಯಿಗೆ ಸೂಪು ಹಾಕಿದೆ, ನಿನ್ನಪ್ಪ ಬರುವ ಭಾನುವಾರ ನನಗೆ ಒಳ್ಳೆ ಬಟ್ಟೆ ತೊಡಿಸಿ ಕುರ್ಚಿಯಲ್ಲಿ ಕೂರಿಸಿದೆ. ಮೇ ತಿಂಗಳವರೆಗೆ. ಅಲ್ಲಿ ಕ್ಲಾಸುಗಳು ನಿನ್ನನ್ನು ಬಿಟ್ಟು ಮುಂದೆ ಹೋದವು. ಆ ವರ್ಷ ಎರಡು ವಿಷಯದಲ್ಲಿ ಫೇಲು, ಮಿಕ್ಕಿದ್ದು ದಡ ಮುಟ್ಟಿದ್ದು ಅಷ್ಟೇ. ಮೂರನೆಯ ವರ್ಷವೂ ಅದರ ಬಾಲದಲ್ಲೇ ಹೋಯಿತು.

ನಮ್ಮಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಚರ್ಚಿನ ಸಭೆಯ ಹೆಂಗಸರೆಲ್ಲ ಅಡುಗೆಯ ಪಾತ್ರೆ ಹಿಡಿದು ಬಂದು ಸರದಿಯಲ್ಲಿ ಕೂರುತ್ತಾರಲ್ಲ. ಅವರು ಬಂದರೆ ನನಗೆ ಇಂಥ ಕಾಯಿಲೆ ಅಂತ ತಿಳಿಯುತ್ತದೆ. ನಂಬಿಕೆ ಇರುವವಳಿಗೆ ಇದು ಬರುತ್ತದೆಯೇ ಅಂತಾರೆ. ಅದಕ್ಕೆ ಐಸಿಗೆ ‘ಒಂದಿಷ್ಟು ಪಿತ್ತ, ಬೇರೇನಿಲ್ಲ’ ಅಂದೆ. ಅವಳು ಬಿಡುವವಳೇ?

“ಹಾಗಿದ್ರೆ ಹುಡುಗಿ ಯಾಕೇ ವಾರವಾರ ಓಡಿ ಬರ್ತಾಳೆ?”

“ಯಾವನೋ ಇದಾನೆ ಇಲ್ಲಿ. ನನ್ನ ಕೇಳಬೇಡ.”

ನಾನೇ ಅಂದೆ, ರೊವೀನಾ. ನನ್ನ ಬಾಯಲ್ಲೇ ಬಂತು ಆ ಮಾತು. ಐಸಿ ಅದನ್ನು ಕಣಿವೆಯ ತುಂಬ ಹಂಚಿದಳು. ನಿನ್ನಪ್ಪನ ಕಿವಿಗೂ ಬಿತ್ತು. ಅವನು ನನ್ನನ್ನು ಕೇಳಿದಾಗ ನಾನು ತಲೆ ತಗ್ಗಿಸಿದೆ. ಅವನಿಗೆ ಅಷ್ಟು ಸಾಕಾಯಿತು. ನಿನಗೂ ಅದು ತಿಳಿದಿತ್ತು, ಆದರೂ ಯಾರಿಗೂ ಅಲ್ಲ ಅನ್ನಲಿಲ್ಲ. ಎರಡು ವರ್ಷದ ಹಿಂದೆ, ಸಾಯುವ ಮುಂಚೆ, ಅವನು ಉಸಿರಿಗೆ ಒದ್ದಾಡುತ್ತಾ ಮಲಗಿದ್ದಾಗ ನಿನ್ನ ಕೈ ಹಿಡಿದು, “ಅವನ್ಯಾರೋ ಒಬ್ಬನ ಹಿಂದೆ ಓದು ಹಾಳು ಮಾಡ್ಕೊಂಡೆ ಕಣೇ, ಇನ್ನಾದ್ರೂ ಹುಷಾರಾಗಿರು,” ಅಂದ. ನೀನು “ಆಯ್ತಪ್ಪ” ಅಂದೆ. ಒಂದು ಸಲ ನನ್ನ ಕಡೆ ನೋಡಿದೆ. ನಾನು ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದೆ.

ಈಗ ಮೊನ್ನೆಯ ಸುದ್ದಿ. ಶನಿವಾರ ನಮ್ಮ ಸಭೆ ಇತ್ತು. ಭಾನುವಾರ ವರ್ಷಕ್ಕೊಮ್ಮೆಯ ಕರ್ತನ ಭೋಜನ, ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಕಾಲನ್ನೊಬ್ಬರು ತೊಳೆಯುವುದು. ಅದಕ್ಕೆ ಮುಂಚೆ ಸಭೆಯ ಹಿರಿಯ ವರ್ಜಿಲ್ ಎದ್ದು ನಿಂತು ಪ್ರತಿ ವರ್ಷದಂತೆ ಕೇಳಿದರು: “ಎಲ್ಲರೂ ಸಮಾಧಾನದಲ್ಲಿದ್ದೀರಾ? ಯಾರದಾದ್ರೂ ಮನಸ್ಸಲ್ಲಿ ಯಾರಿಗಾದ್ರೂ ಮಾಡಿದ ತಪ್ಪು ಇದೆಯಾ?” ಯಾವಾಗಲೂ ಯಾರೂ ಮಾತಾಡುವುದಿಲ್ಲ. ಅವರು ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ಹಾಡು. ಹತ್ತು ವರ್ಷ ಆ ಸ್ವಲ್ಪ ಹೊತ್ತಿನಲ್ಲಿ ನಾನು ನೆಲ ನೋಡುತ್ತಾ ಕೂತಿದ್ದೇನೆ. ಮಾರನೆಯ ದಿನ ಕಾಲು ಚಾಚಿ ತೊಳೆಸಿಕೊಂಡಿದ್ದೇನೆ.

ಈ ಸಲ ಎದ್ದೆ. ಹೆಂಗಸರು ಅಲ್ಲಿ ಎದ್ದು ಮಾತಾಡುವುದು ಅಪರೂಪ. ವರ್ಜಿಲ್ “ಹೇಳಮ್ಮ, ಸಹೋದರಿ ಡೆಲ್ಫಿಯಾ,” ಅಂದರು. ಹೇಳಿದೆ. ನನ್ನ ಕಾಯಿಲೆ ಹೇಳಿದೆ. ನೀನು ಬಂದು ನನ್ನನ್ನು ನೋಡಿಕೊಂಡಿದ್ದು ಹೇಳಿದೆ. ಯಾವ ಹುಡುಗನೂ ಇರಲಿಲ್ಲ, ಆ ಸುಳ್ಳು ನನ್ನದು ಅಂದೆ. ಹಲ್ಲುಕಟ್ಟು ಸಡಿಲವಾಗಿ ಮಾತು ತೊದಲಿತು. ಅದನ್ನು ತೆಗೆದು ಕರವಸ್ತ್ರದಲ್ಲಿ ಇಟ್ಟುಕೊಂಡು ಬೋಳು ಬಾಯಲ್ಲೇ ಮುಗಿಸಿದೆ. ಯಾರೂ ನಗಲಿಲ್ಲ. ಯಾರೂ ಆಮೆನ್ ಕೂಡ ಅನ್ನಲಿಲ್ಲ. ವರ್ಜಿಲ್, “ಇದು ನಿನಗೂ ನಿನ್ನ ಮಗಳಿಗೂ ಬಿಟ್ಟಿದ್ದಮ್ಮ. ಅವಳಿಗೆ ಹೇಳು. ಕೂತ್ಕೋ,” ಅಂದರು.

ಭಾನುವಾರ ಮುಂದಿನ ಬೆಂಚಿನಲ್ಲಿ ಬೂಟು ಬಿಚ್ಚಿ ಕೂತೆ. ಇಪ್ಪತ್ತು ವರ್ಷದಿಂದ ನನ್ನ ಕಾಲು ತೊಳೆಯುವವಳು ಐಸಿ, ಅವಳ ಕಾಲು ತೊಳೆಯುವವಳು ನಾನು. ಅವಳು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಬೋಗುಣಿ ಹಿಡಿದು ನನ್ನ ಮುಂದೆ ಬಂದು ನಿಂತಳು. ನಿಂತೇ ಇದ್ದಳು. ಆಮೇಲೆ ಟವೆಲ್ ಬಿಚ್ಚಿ ಪಕ್ಕದವಳ ಕೈಗೆ ಕೊಟ್ಟು ಹೊರಗೆ ಹೋದಳು. ಪಕ್ಕದವಳಿಗೆ ಆಗಲೇ ಬೇರೆ ಜೊತೆಗಾತಿ ಇದ್ದಳು. ಸುತ್ತ ಎಲ್ಲರೂ ಅಳುತ್ತಾ ಹಾಡುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನಾನು ಬರಿಗಾಲಲ್ಲಿ ಕೂತಿದ್ದೆ. ಹಾಡು ಮುಗಿದ ಮೇಲೆ ಒಣ ಕಾಲಿಗೇ ಬೂಟು ಹಾಕಿಕೊಂಡೆ.

ಐಸಿ ಗೇಟಿನ ಹತ್ತಿರ ಕಾಯುತ್ತಿದ್ದಳು.

“ಹತ್ತು ವರ್ಷ ನನ್ನ ಬಾಯಲ್ಲಿ ಸುಳ್ಳು ಆಡಿಸ್ದೆಯಲ್ಲೇ ಅತ್ತಿಗೆ,” ಅಂದಳು. “ಆ ಮಗು ಎದುರಿಗೇ ಆಡ್ಕೊಂಡಿದೀನಿ ನಾನು. ಅವಳ ಪದವಿಯ ದಿನ ಕೇಕು ಕೊಯ್ಯುವಾಗ್ಲೂ ಆಡ್ಕೊಂಡೆ. ಈಗ ಯಾವ ಮುಖ ಇಟ್ಕೊಂಡು ಯಾರ ಕಾಲು ತೊಳೀಲಿ ಹೇಳು?”

ಅವಳು ಕಾರು ಹತ್ತಿ ಹೋದಳು. ಯಾವಾಗಲೂ ನನ್ನನ್ನು ಮನೆವರೆಗೆ ಬಿಡುವವಳು ಅವಳೇ. ನಾನು ತೊರೆಯ ದಾರಿ ಹಿಡಿದು ನಡೆದು ಬಂದೆ. ಬಂದು ಮೆಕ್ಕೆಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಪುಡಿ ಮಾಡಿಕೊಂಡು ತಿಂದೆ. ಭಾನುವಾರದ ಊಟಕ್ಕೆ ಒಬ್ಬರಾದರೂ ಕರೆಯುತ್ತಿದ್ದರು. ಇವತ್ತು ಮಧ್ಯಾಹ್ನದವರೆಗೂ ಫೋನ್ ಬಂದಿಲ್ಲ. ಬರುತ್ತದೆ, ಇಲ್ಲ ಅಂತಲ್ಲ. ಜನಕ್ಕೆ ಸ್ವಲ್ಪ ದಿನ ಬೇಕು.

ಇದನ್ನೆಲ್ಲ ನಿನ್ನ ಕ್ಷಮೆ ಗಿಟ್ಟಿಸಲು ಬರೆದಿದ್ದಲ್ಲ. ನೀನು ಕ್ಷಮಿಸಿದರೂ ನಿನ್ನಪ್ಪನಿಗೆ ಹೋಗಿ ಹೇಳುವವರಿಲ್ಲ. ಬರೆದಿದ್ದು ಇಷ್ಟಕ್ಕೇ: ನೀನು ಬರಿ. ಆ ಗುಂಡಿ ನಿನ್ನದಲ್ಲ, ನನ್ನದು ಅಂತ ಬರಿ. ನನ್ನ ಹೆಸರು ಹಾಕು, ಕಾಯಿಲೆಯ ಹೆಸರೂ ಹಾಕು. ನರ ಅಂತಲೋ ಮನಸ್ಸು ಅಂತಲೋ, ಈಗ ಡಾಕ್ಟರುಗಳು ಏನನ್ನುತ್ತಾರೋ ಅದನ್ನು. ಅವರು ನನ್ನನ್ನೇ ಕೇಳಬೇಕೆಂದರೆ ನಂಬರು ಕೊಡು, ನಾನು ಮನೆಯಲ್ಲೇ ಇರುತ್ತೇನೆ. ಬೋಳು ಬಾಯಲ್ಲಿ ಇಡೀ ಸಭೆಗೆ ಹೇಳಿದವಳಿಗೆ ಫೋನಿನಲ್ಲಿ ಹೇಳುವುದು ಕಷ್ಟವಲ್ಲ.

ಅವರು ಸೇರಿಸಿಕೊಂಡರೆ ನೀನು ಇನ್ನು ನಾಲ್ಕು ವರ್ಷ ಇತ್ತ ಬರುವುದು ಕಷ್ಟ ಅಂತ ನನಗೆ ಗೊತ್ತು. ವಾರವಾರ ಬರಬೇಡ. ಈ ಸಲ ಓದು.

ಸಲಕರಣೆಯ ಬಿಸಿನೀರಿಗೆ ಕೈ ಸುಟ್ಟುಕೊಳ್ಳಬೇಡ. ಮಲಗುವ ಮುಂಚೆ ಒಂದು ಅಧ್ಯಾಯವಾದರೂ ಬೈಬಲ್ ಓದು, ಆಗದಿದ್ದರೆ ಬಿಡು, ನಿನಗಾಗಿ ನಾನು ಓದುತ್ತೇನೆ.

ನಿನ್ನನ್ನು ಹೆತ್ತ,
ಡೆಲ್ಫಿಯಾ

ಇನ್ನೊಂದು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇ ತಿಂಗಳವರೆಗೆ ಅಂತ ಮೇಲೆ ಬರೆದೆ. ಸಭೆಯಲ್ಲೂ ಹಾಗೇ ಹೇಳಿದೆ. ಅದು ನಿಜವಲ್ಲ. ಫೆಬ್ರವರಿ ಮುಗಿಯುವ ಹೊತ್ತಿಗೆ ನಾನು ಎದ್ದಿದ್ದೆ. ಮಂಗಳವಾರ, ಬುಧವಾರ ನಾನೇ ಒಲೆ ಹಚ್ಚುತ್ತಿದ್ದೆ, ಕೋಳಿಗೆ ಕಾಳು ಹಾಕುತ್ತಿದ್ದೆ, ಪ್ರಾರ್ಥನೆಯೂ ಬರುತ್ತಿತ್ತು. ಗುರುವಾರ ಸೇತುವೆಯ ಹತ್ತಿರ ಬಸ್ಸು ನಿಂತ ಸದ್ದು ಕೇಳಿದರೆ ಹೋಗಿ ಮಲಗಿಬಿಡುತ್ತಿದ್ದೆ. ನಾನು ಓಡಾಡುವುದನ್ನು ಕಂಡರೆ ಮುಂದಿನ ವಾರ ನೀನು ಬರುತ್ತಿರಲಿಲ್ಲ. ನಿನ್ನ ಪರೀಕ್ಷೆ ಯಾವತ್ತು ಅಂತ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀನು ಗುರುತು ಹಾಕಿದ್ದೆ. ನೀನು ಇಲ್ಲದ ದಿನಗಳಲ್ಲಿ ಅದರ ಮುಂದೆ ನಿಂತೇ ನಾನು ಕಾಫಿ ಕುಡಿಯುತ್ತಿದ್ದೆ.