ದೋಣಿಯವಳನ್ನು ಬಿಟ್ಟುಕೊಡುವುದು

ಮಾರ್ಚ್ 1, ಶುಕ್ರವಾರ. ಬೆಳಿಗ್ಗೆ 6.10

ಹಾಲು: 2.15, 3.40, 5.30. ಕೊನೆಯದು ಎಡಗಡೆ. ಬರೆದಿಡದಿದ್ದರೆ ಯಾವ ಕಡೆ ಎಂದು ಮರೆತೇಹೋಗುತ್ತದೆ. ಪುಟ್ಟಿಯ ಮೂಗಿನ ಕೆಳಗೆ ಬೆರಳಿಟ್ಟು ನೋಡಿದ್ದು ಎಷ್ಟು ಸಲವೋ... ಅದನ್ನು ಬರೆಯುವುದಿಲ್ಲ. ಉಸಿರಿದೆ. ಪ್ರತಿ ಸಲವೂ ಇರುತ್ತದೆ. ಆದರೂ.

ಪುಟ್ಟಿಗೆ ನಾಳೆಗೆ ಐದು ತಿಂಗಳು. ನಾಡಿದ್ದು ಮತ್ತೆ ಆಟಕ್ಕೆ ಹೋಗುತ್ತೇನೆ, ಎಂಟು ತಿಂಗಳ ಮೇಲೆ. ಮೂರರಿಂದ ಆರರವರೆಗೆ ಪುಟ್ಟಿ ಅತ್ತೆಯ ಹತ್ತಿರ. ಇವರು "ಹೋಗು ಮಾರಾಯ್ತಿ, ನಿನ್ನ ಮುಖ ನೋಡಿ ನೋಡಿ ಗೋಡೆಗೂ ಸಾಕಾಗಿದೆ" ಅಂದರು. ಅತ್ತೆಯದು ಹಳೇ ರಾಗ — "ದಾಳ ಹಾಕಿ ಉದ್ಧಾರ ಆದವರನ್ನ ನಾನಂತೂ ಕಾಣೆ ಕಣಮ್ಮ."

ದುಡ್ಡಿನ ಆಟ ಅಲ್ಲ ಅತ್ತೆ ಅಂತ ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಮೇಷ್ಟ್ರು ಕಥೆ ನಡೆಸುತ್ತಾರೆ. ನಾವು ಮೂವರು ಆ ಕಥೆಯೊಳಗೆ ಒಬ್ಬೊಬ್ಬರಾಗಿ, ಏನು ಮಾಡುತ್ತೇವೆ ಅಂತ ಹೇಳುತ್ತೇವೆ. ಅದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ.

"ಗೆಲ್ಲೋರು ಯಾರು ಹಾಗಾದ್ರೆ?"

"ಯಾರೂ ಇಲ್ಲ."

"ಗೆಲ್ಲೋರೇ ಇಲ್ದೆ ಇರೋ ಆಟಕ್ಕೆ ಆರು ವರ್ಷ!"

ಅಲ್ಲಿ ನಾನು ದೋಣಿಯವಳು. ಎಡಗೈಗೆ ನಾಲ್ಕೇ ಬೆರಳು. ಬಾಯಿ ಜೋರು. ಹುಟ್ಟು ಹಿಡಿದರೆ ಯಾರ ಅಪ್ಪನಿಗೂ ಹೆದರುವವಳಲ್ಲ. ಆಟಕ್ಕೆ ಬರದವರ ಪಾತ್ರ ದೋಣಿಯ ತಳದಲ್ಲಿ ಕಂಬಳಿ ಹೊದ್ದು ಮಲಗಿರುತ್ತದೆ. ಅದು ನಮ್ಮ ನಿಯಮ. ಎಂಟು ತಿಂಗಳಿಂದ ಮಲಗಿದ್ದಾಳೆ, ಪುಣ್ಯವಂತೆ. ನನ್ನ ಪಾಲಿನ ನಿದ್ದೆಯೂ ಅವಳದೇ.

ಮಾರ್ಚ್ 3, ಭಾನುವಾರ. ಸಂಜೆ 6.40

ಮೇಷ್ಟ್ರ ಟ್ಯೂಷನ್ ಕೋಣೆ ಹಾಗೇ ಇದೆ. ಬೋರ್ಡಿನ ಮೇಲೆ ಅರ್ಧ ಅಳಿಸಿದ ತ್ರಿಕೋನ, ಎರಡು ಡೆಸ್ಕು ಜೋಡಿಸಿದ ಮೇಜು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ನಕ್ಷೆ. ಹಲ್ಲಕ್ಕ ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ಮೈಯೆಲ್ಲ ಲವಂಗದೆಣ್ಣೆ ವಾಸನೆ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು, ಈಗ ಊರಿಗೆಲ್ಲ ಹಲ್ಲು ಕೀಳುವ ಡಾಕ್ಟರು. ಆಚೆ ಕಡೆ ನನ್ನ ತಮ್ಮ. ಪ್ರೆಸ್ಸಿನ ಮಸಿ ಉಗುರಿನಲ್ಲೇ ಇತ್ತು.

ಮೇಷ್ಟ್ರು ದನಿ ಇಳಿಸಿ ಶುರು ಮಾಡಿದರು. "ಹೊಳೆ. ಬೆಳಗಿನ ಮಂಜು. ದೋಣಿಯ ತಳದಲ್ಲಿ ಕಂಬಳಿ ಅಲ್ಲಾಡಿತು..."

ಅಷ್ಟೇ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಗಂಟಲಿನಿಂದ ಅವಳ ದನಿ ಬಂತು — "ಯಾವನೋ ಅವನು, ನನ್ನ ಹುಟ್ಟು ಮುಟ್ಟಿದವನು?" ಎಲ್ಲಿತ್ತು ಇಷ್ಟು ದಿನ ಈ ದನಿ? ಔಷಧಿ ಅಂಗಡಿಯವನ ಹತ್ತಿರ ಚಿಲ್ಲರೆ ಕೇಳಲೂ ನನ್ನ ಬಾಯಿ ಏಳುವುದಿಲ್ಲ. ಮೂರು ಗಂಟೆ ಕಾಲ ಒಮ್ಮೆಯೂ ಭಯವಾಗಲಿಲ್ಲ. ಒಂದು ಮೇಜು, ನಾಲ್ಕು ಕಾಗದ. ಎಂಥ ಸೋಜಿಗ ಇದು.

ಹೊರಡುವಾಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮುಂದಿನ ವಾರ ಕೊನೆಯದಂತೆ. ಈ ಆಟ ಮುಗಿಸುತ್ತಾರಂತೆ. ಹೊಸ ಪುಸ್ತಕ, ಹೊಸ ನಿಯಮ, ಹೊಳೆಯ ಆಚೆ ದಡ, ಹೊಸ ಪಾತ್ರಗಳು.

"ಯಾಕೆ ಮೇಷ್ಟ್ರೇ?"

"ಈ ದಡದಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಉಳಿದಿಲ್ಲ ಕಣಮ್ಮ. ಕಲ್ಲು ಕಲ್ಲೂ ಗೊತ್ತು. ನನಗೂ ಒಂಚೂರು ಭಯ ಬೇಕು."

ಭಯ ಬೇಕಂತೆ! ಬನ್ನಿ ಮೇಷ್ಟ್ರೇ, ನಮ್ಮನೆಗೆ. ಕೊಳಗದಲ್ಲಿ ಅಳೆದು ಕೊಡುತ್ತೇನೆ.

ಮಾರ್ಚ್ 6, ಬುಧವಾರ. ಮಧ್ಯಾಹ್ನ 2

ಪುಟ್ಟಿ ಮಲಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ಹಲ್ಲಕ್ಕನಿಗೆ ಫೋನ್ ಮಾಡಿದೆ. ಹಿಂದೆ ಯಾರೋ ಬಾಯಿ ತೆರೆದು ಕೂತಿದ್ದರು ಅನ್ನಿಸುತ್ತೆ.

"ಆರು ವರ್ಷ ಅದೇ ಹೊಳೆ, ಅದೇ ದೋಣಿ. ನಿಂಗೆ ಬೇಜಾರೇ ಆಗಲ್ವೇನೇ?"

"ಇಲ್ಲ."

"ನಿನ್ನ ತಮ್ಮನ್ನ ನೋಡು. ಇದುವರೆಗೆ ಹನ್ನೊಂದು ಪಾತ್ರ ಬದಲಾಯಿಸಿದ."

"ಅವನು ಚಪ್ಪಲೀನೂ ಹಾಗೇ ಬದಲಾಯಿಸ್ತಾನೆ."

"ಬರ್ತೀಯೋ ಇಲ್ವೋ ಅಷ್ಟು ಹೇಳು. ನೀನಿಲ್ದೆ ಇದ್ರೆ ಮೇಷ್ಟ್ರು ಶುರು ಮಾಡಲ್ಲ."

ಅವಳಿಗೆ ಹೇಗೆ ಹೇಳಲಿ. ಈ ಮನೆಯಲ್ಲಿ ಎಲ್ಲವೂ ಹೊಸದು. ನಿನ್ನೆ ಇರದಿದ್ದ ಕೂಗು ಇವತ್ತು, ಬೆಳಿಗ್ಗೆ ಇರದಿದ್ದ ಗುಳ್ಳೆ ಮಧ್ಯಾಹ್ನಕ್ಕೆ. ಹೊಸದು ಅಂದರೇ ನನಗೆ ಭಯ. ಹೆದರದ ನಾನು ಒಬ್ಬಳೇ ಒಬ್ಬಳು ಇರುವುದು, ಆ ದೋಣಿಯಲ್ಲಿ. ಅವಳೂ ಹೋದರೆ ಇಲ್ಲಿ ಉಳಿಯುವುದು ಯಾರು?

ಮಾರ್ಚ್ 10, ಭಾನುವಾರ. ಸಂಜೆ 7

ಆಟ ಮುಗಿದ ಪಾತ್ರವನ್ನು ನಾವು ಹರಿದು ಹಾಕುವುದಿಲ್ಲ. ಅದರ ಗುಣ, ಅಂಕಿ ಎಲ್ಲ ಬರೆದಿಟ್ಟ ಹಾಳೆಯನ್ನು ಮೇಷ್ಟ್ರ ಕೈಗೆ ಕೊಡಬೇಕು. ಅಲ್ಲಿಂದಾಚೆ ಆ ಪಾತ್ರ 'ಊರಿನವರು'. ಕಥೆಯಲ್ಲಿ ಎಲ್ಲೋ ಇರುತ್ತಾರೆ, ಮೇಷ್ಟ್ರ ಬಾಯಲ್ಲಿ ಮಾತಾಡುತ್ತಾರೆ. ನಾವು ಅವರ ಪರವಾಗಿ ಮತ್ತೆ ಬಾಯಿ ತೆರೆಯುವ ಹಾಗಿಲ್ಲ.

ಹಲ್ಲಕ್ಕ ಕೊಟ್ಟಳು. ತಮ್ಮ ಎಸೆದ ಅನ್ನಬೇಕು.

ನಾನು ಕೊಡಲಿಲ್ಲ. ಎಷ್ಟು ಸಲ ಅಳಿಸಿ ಬರೆದಿದ್ದೇನೋ, ಹಾಳೆ ಬಟ್ಟೆಯಂತಾಗಿದೆ. ಎದೆಗವಚಿ ಹಿಡಿದು "ಆಗಲ್ಲ ಮೇಷ್ಟ್ರೇ" ಅಂದೆ. ಅಳು ಬಂತು. ತಮ್ಮ "ಅಕ್ಕ, ಕಾಗದ ಕಣೇ ಅದು" ಅಂದ. ಎದ್ದು ಬಂದುಬಿಟ್ಟೆ. ಚಪ್ಪಲಿ ಹಲ್ಲಕ್ಕನದು ಹಾಕಿಕೊಂಡು ಬಂದಿದ್ದೇನೆ.

ಮಾರ್ಚ್ 19, ಮಂಗಳವಾರ. ಬೆಳಿಗ್ಗೆ 11

ಭಾನುವಾರ ಹೋಗಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಚಪ್ಪಲಿ ಕೇಳಲೂ ಇಲ್ಲ.

ಈಗ ತಾನೇ ಆದದ್ದು. ಅತ್ತೆ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೀಲ್ ಚಮಚ ನೆಲಕ್ಕೆ ಬೀಳಿಸಿದರು. ಠಣ್! ಪುಟ್ಟಿ ಕೇಕೆ ಹಾಕಿ ನಕ್ಕಳು. ಎತ್ತಿ ಮತ್ತೆ ಬೀಳಿಸಿದರು. ಮತ್ತೆ ಕೇಕೆ. ನಾನು ಎಣಿಸಿದೆ, ಎಣಿಸುವುದು ಈಗ ನನ್ನ ರೋಗ. ಮೂವತ್ತೊಂದು ಸಲ. ಮೂವತ್ತೊಂದನೆಯದೂ ಮೊದಲನೆಯದರಷ್ಟೇ ಜೋರು.

"ನನ್ನ ಸೊಂಟ ಬಿತ್ತು, ಇವಳಿಗೆ ಬೇಜಾರೇ ಇಲ್ವಲ್ಲೇ," ಅಂದರು ಅತ್ತೆ.

ಬಾಗಿಲಲ್ಲಿ ನಿಂತವಳು ನಿಂತೇ ಇದ್ದೆ. ಚಮಚ ಬೀಳುವ ಮುಂಚೆ ಒಂದು ಕ್ಷಣ ಅವಳ ಕಣ್ಣು... ಬೀಳುತ್ತೆ ಅಂತ ಗೊತ್ತು ಅವಳಿಗೆ. ಗೊತ್ತಿದ್ದೂ ಉಸಿರು ಬಿಗಿಹಿಡಿದು ಕಾಯುತ್ತಾಳೆ. ಕಂಡದ್ದನ್ನೇ ಮತ್ತೆ ಕಾಣಲು. ನಾನು ಐದು ತಿಂಗಳಿಂದ ಈ ಮುಖವನ್ನು ಕಾಯಿಲೆ ಹುಡುಕುವವಳ ಹಾಗೆ ನೋಡಿದ್ದೇನೆ. ಅದು ಹೀಗೆ ಬೆರಗಾಗುವುದನ್ನು ನೋಡಿಯೇ ಇರಲಿಲ್ಲ.

ಮಾರ್ಚ್ 21, ಗುರುವಾರ

ತಮ್ಮ ಬಂದು ಹೊಸ ಆಟದ ಖಾಲಿ ಹಾಳೆ ಕೊಟ್ಟು ಹೋದ. ಅವನೇ ಪ್ರೆಸ್ಸಿನಲ್ಲಿ ಅಚ್ಚು ಹಾಕಿದ್ದು. "ಬರದಿದ್ರೆ ಬೇಡ. ಸುಮ್ನೆ ತುಂಬಿ ನೋಡು." ಚಪ್ಪಲಿ ತಗೊಂಡು ಹೋದ.

ಒಂದು ಪ್ರಶ್ನೆ: ನಿಮ್ಮ ಪಾತ್ರ ಯಾವುದಕ್ಕೆ ಹೆದರುತ್ತದೆ? ಒಂದೇ ಗೆರೆ ಜಾಗ ಬಿಟ್ಟಿದ್ದಾನೆ.

ಹಾಳೆಯ ಹಿಂಬದಿಯೂ ತುಂಬಿತು. ಬರೆದು ಮುಗಿಸಿ ಓದಿದರೆ ನಗು ಬಂತು. ಎಂಥ ಪುಕ್ಕಲಿ ಇವಳು! ಹೆಸರಿಡಲಿಲ್ಲ. ಎಣಿಸುವವಳು ಅಂತ ಬರೆದೆ.

ಮಾರ್ಚ್ 24, ಭಾನುವಾರ. ಸಂಜೆ 7.30

ಆದದ್ದನ್ನು ಆದ ಹಾಗೆ ಬರೆಯಬೇಕು.

ದೋಣಿಯವಳ ಹಾಳೆ ಕೊಟ್ಟೆ. ಮೇಷ್ಟ್ರು ಎರಡೂ ಕೈಯಲ್ಲಿ ತಗೊಂಡರು.

ಹೊಸ ಆಟ. ಎಣಿಸುವವಳು ಮರದ ದಿಮ್ಮಿಯ ಮೇಲೆ ಹೊಳೆ ದಾಟಬೇಕು. ದಾಳ ಉರುಳಿಸಿದೆ. ಇಪ್ಪತ್ತು ಮುಖದ ದಾಳ, ಬಿದ್ದದ್ದು ಎರಡು. "ಹೋಯ್ತು! ಕಾಲು ಜಾರಿತು, ನೀರಿಗೆ ಬಿದ್ದೆ, ಮೂಗಲ್ಲಿ ಬಾಯಲ್ಲೆಲ್ಲ ನೀರು, ಮುಳುಗ್ತಾ ಇದೀನಿ —"

"ಅಯ್ಯೋ ಪೆದ್ದೇ!" ಹಲ್ಲಕ್ಕ ಮೇಜು ಗುದ್ದಿದಳು. "ಇದ್ರಲ್ಲಿ ಕಮ್ಮಿ ಬಿದ್ರೆ ಗೆದ್ದ ಹಾಗೆ ಕಣೇ!"

ಹಳೇ ಆಟದಲ್ಲಿ ದೊಡ್ಡ ಅಂಕಿ ಒಳ್ಳೆಯದು, ಇದರಲ್ಲಿ ಚಿಕ್ಕದು. ಆರು ವರ್ಷದ ಅಭ್ಯಾಸ, ಎಲ್ಲಿ ಹೋಗುತ್ತೆ!

"ಆದ್ರೆ ಅಕ್ಕ ಬಾಯಿಬಿಟ್ಟು ಹೇಳಾಯ್ತು," ಅಂದ ತಮ್ಮ. ಮೇಜಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ಅದೊಂದು ನಿಯಮ ಮಾತ್ರ ಮೊದಲಿನಿಂದಲೂ ಬದಲಾಗಿಲ್ಲ.

ಮೇಷ್ಟ್ರು ಚಾಕ್‌ಪೀಸಿನಿಂದ ಗಡ್ಡ ಕೆರೆದುಕೊಂಡರು. ಬಿಳಿ ಆಯಿತು. "ಬಿದ್ದದ್ದೂ ನಿಜ. ಗೆದ್ದದ್ದೂ ನಿಜ." ಕಣ್ಣು ಮುಚ್ಚಿದರು. ಆಮೇಲೆ ನಿಧಾನವಾಗಿ —

"ನೀರೊಳಗೆ ನಿನ್ನ ಜಡೆಗೆ ಒಂದು ಕೈ ಬಿತ್ತು. ನಾಲ್ಕು ಬೆರಳಿನ ಕೈ."

ಮೇಷ್ಟ್ರ ದನಿ ಬದಲಾಯಿತು.

"ಏನಮ್ಮಾ, ಸಾಯೋಕೆ ಬೇರೆ ಹೊಳೆ ಸಿಗಲಿಲ್ವಾ ನಿಂಗೆ?"

ಅವಳೇ. ಅದೇ ಏರು, ಅದೇ ಉಡಾಫೆ. ಆರು ವರ್ಷ ನನ್ನ ಗಂಟಲಲ್ಲಿ ಇದ್ದವಳು ಮೇಜಿನ ಆಚೆ ಕಡೆ ಕೂತು ನನ್ನನ್ನು ನೋಡುತ್ತಿದ್ದಳು. ಅವಳನ್ನು ನಾನು ಎದುರಿನಿಂದ ನೋಡಿದ್ದೇ ಇಲ್ಲವಲ್ಲ! ಮೈಯೆಲ್ಲ ಜುಮ್ಮೆಂದಿತು.

"ನಡುಗ್ತಾ ಇದೀಯಲ್ಲ. ಹೆದರಿಕೆನಾ?"

"ಹೂಂ." ನನ್ನ ದನಿ. ಎಣಿಸುವವಳದೂ.

"ಹೆದರು, ಪರವಾಗಿಲ್ಲ. ನೀರಿಗೆ ಹೆದರದೇ ಇದ್ದೋರನ್ನೂ ನಾನು ಎತ್ತಿದ್ದೀನಿ. ತಣ್ಣಗಾದ ಮೇಲೆ."

ಆಟ ಮುಗಿದ ಮೇಲೆ ಕೇಳಿದೆ. "ಹೆದರು ಪರವಾಗಿಲ್ಲ ಅನ್ನೋ ಆ ಮಾತು ಎಲ್ಲಿಂದ ತಂದ್ರಿ ಮೇಷ್ಟ್ರೇ? ನಮ್ಮ ದೋಣಿಯವಳು ಯಾರಿಗೂ ಹಾಗೆ ಹೇಳೋಳಲ್ಲ."

ಅವರು ಹಳೇ ನೋಟ್‌ಬುಕ್ ತೆಗೆದು ತೋರಿಸಿದರು. ನಾಲ್ಕು ವರ್ಷದ ಹಿಂದಿನ ಪುಟ. ಆ ಮಾತು ಅಕ್ಷರ ಅಕ್ಷರ ಹಾಗೇ ಇದೆ. ಹೇಳಿದವಳು ನಾನು.

ನೆನಪಿಲ್ಲ. ಒಂದು ಚೂರೂ ನೆನಪಿಲ್ಲ. ನಾನು ಪೂರ್ತಿ ಬಲ್ಲವಳು ಅಂದುಕೊಂಡವಳೊಳಗೆ ಇನ್ನೂ ಏನೇನಿದೆಯೋ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ.

ಮಾರ್ಚ್ 27, ಬುಧವಾರ. ಬೆಳಿಗ್ಗೆ 5.50

ಹಾಲು: 1.50, 4.30. ಬೆರಳಿಟ್ಟು ನೋಡಿದೆ, ಎರಡು ಸಲ. ಎರಡನೆಯ ಸಲ ಬೆರಳು ತೆಗೆಯಲು ಮನಸ್ಸಾಗಲಿಲ್ಲ. ಭಯಕ್ಕಲ್ಲ. ಬಿಸಿ ಗಾಳಿ, ಇಷ್ಟೇ ಇಷ್ಟು. ಬಂತು. ಹೋಯಿತು. ಮತ್ತೆ ಬಂತು!

ಮಾರ್ಚ್ 31, ಭಾನುವಾರ. ಮಧ್ಯಾಹ್ನ 3.50. ಮೇಷ್ಟ್ರ ಕೋಣೆ

ಆಟದ ನಡುವೆಯೇ ಬರೆಯುತ್ತಿದ್ದೇನೆ. ದೋಣಿಯವಳು ನನ್ನನ್ನು ಆಚೆ ದಡಕ್ಕೆ ಇಳಿಸಿ, ಹಿಂತಿರುಗಿಯೂ ನೋಡದೆ ಹುಟ್ಟು ಹಾಕಿ ಹೋದಳು. ಕರೆಯಲಿಲ್ಲ ನಾನು.

ಮೇಷ್ಟ್ರು ಹೊಸ ಕ್ಯಾಲೆಂಡರ್ ಹಾಳೆ ಮಗುಚಿ ನನ್ನ ಕಡೆ ತಳ್ಳಿದರು. ಬೆಳ್ಳಗೆ ಬಿಳಿ. ಒಂದು ಗೆರೆಯೂ ಇಲ್ಲ.

"ಇಲ್ಲಿ ಏನಿದೆ ಮೇಷ್ಟ್ರೇ?"

"ನಂಗೊತ್ತಿಲ್ಲ." ಅವರ ಕಣ್ಣು ಹೊಳೆಯುತ್ತಿತ್ತು, ಮಕ್ಕಳ ಹಾಗೆ. "ಹೊಸ ನಿಯಮ. ಮೊದಲು ಕಾಲಿಟ್ಟವರು ಹೇಳ್ಬೇಕು. ಹೇಳಿದ್ದು ಇರುತ್ತೆ."

"ನಾನಾ?"

"ಮತ್ತೆ ನಮ್ಮಜ್ಜಿನಾ?" ಅಂದ ತಮ್ಮ.

ಹೊಸದು, ಭಯವಾಯಿತು. ಆಗಲಿ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಹಲ್ಲಕ್ಕ ಪೆನ್ಸಿಲ್ ಚೂಪು ಮಾಡಿ ಕೈಗಿಟ್ಟಳು. ಮಂಜು ಸರಿಯುತ್ತಿದೆ, ಕಾಣುತ್ತಿದೆ ನನಗೆ, ಮೊದಲು ಕಂಡದ್ದು...