ಶನಿವಾರದ ಟಿಕ್ಕು

ಮನೆಯಿಂದ,
ಹನ್ನೊಂದನೇ ತಾರೀಕು, ಮಂಗಳವಾರ

ಪ್ರೀತಿಯ ಎಡಚಾ,

ಹೇಗಿದ್ದೀಯೋ? ಎಡಗೈ ಬೆರಳಿನ ಮೂಳೆ ಕೂಡಿಕೊಂಡಿತೇ? ಸೂಪರ್‌ವೈಸರನ ದವಡೆ ಮುರಿಯುವಾಗ ನೀನು ಮುರಿದುಕೊಂಡ ಬೆರಳಿಗೆ ಜೈಲಿನ ಡಾಕ್ಟರು ಬರೀ ಬಟ್ಟೆ ಸುತ್ತಿ ಕಳಿಸಿದರಂತೆ, ವಕೀಲರು ಹೇಳಿದರು. ಆ ಕೈ ಮೇಲೆ ಮಲಗಬೇಡ, ಚಿಕ್ಕಂದಿನಿಂದಲೂ ನಿನಗೆ ಅದೇ ಅಭ್ಯಾಸ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಬಿಟ್ಟರೆ ಗೊಣಗಲು ಏನೂ ಇಲ್ಲ. ಗೊಣಗಿದರೆ ಕೇಳಲು ನಿನ್ನ ಭಾವನೂ ಇಲ್ಲ.

ಅವರು ಹೋಗಿ ಐದು ವಾರವಾಯಿತು. ಇನ್ನೂ ಗಣಿಯಿಂದ ಯಾರಾದರೂ ಬಂದು ಎಲ್ಲವನ್ನೂ ಮೊದಲಿನಿಂದ ಹೇಳುತ್ತಾರೆ. ಮಣ್ಣು ಅಗೆಯುವ ಗಾಡಿಯ ತೋಳು ಮೇಲೆತ್ತಿ ನೀನು ಕ್ಯಾಬಿನ್ನಿನಲ್ಲಿ ಕೂತಿದ್ದೆ, ಅವರು ಬಕೆಟ್ಟಿನ ಕೆಳಗೆ ಬಗ್ಗಿ ಪಿನ್ನಿಗೆ ಗ್ರೀಸು ಹಾಕುತ್ತಿದ್ದರು, ತೋಳನ್ನು ಎತ್ತಿ ಹಿಡಿದಿದ್ದ ಎಣ್ಣೆಯ ಹೋಸು ಪಟಾರನೆ ಒಡೆಯಿತು. ಬಕೆಟ್ಟು ಎತ್ತಿದಾಗ ಗ್ರೀಸ್ ಗನ್ನು ಹಿಡಿದಿದ್ದ ಕೈಯೊಂದೇ ಗುರುತು ಸಿಗುವಂತಿತ್ತು. ನನಗೆ ತೋರಿಸಿದ್ದೂ ಅದನ್ನೇ. ಉಗುರಿನ ಸಂದಿಯ ಜಿಡ್ಡು ನೋಡಿ ಹೌದು ಅಂದೆ. ಅಷ್ಟು ಹೊತ್ತಿಗೆ ನೀನು ಸ್ಪ್ಯಾನರ್ ಎತ್ತಿಕೊಂಡು, "ಹೋಸು ನೋಡ್ದೇ ತಪಾಸಣೆ ಹಾಳೇಲಿ ಟಿಕ್ ಹಾಕಿದ್ಯೇನೋ" ಎಂದು ಸೂಪರ್‌ವೈಸರನ ಮುಖಕ್ಕೆ ಬಾರಿಸಿಯಾಗಿತ್ತು. ಆರು ಜನ ಎಳೆದರೂ ಬಿಡಲಿಲ್ಲವಂತೆ. ಸ್ಪ್ಯಾನರ್ ಕಿತ್ತುಕೊಂಡ ಮೇಲೆ ಮುಷ್ಟಿಯಲ್ಲಿ. ಅವನ ಒಂದು ಕಣ್ಣು ಹೋಯಿತೆಂದು ತಿಳಿದಾಗ, ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಇನ್ನೊಂದು ಯಾಕೆ ಉಳಿಯಿತೋ ಅಂದುಕೊಂಡೆ. ಇಷ್ಟು ವರ್ಷ ಮಕ್ಕಳಿಗೆ ಪದ್ಯಪಾಠ ಮಾಡಿದವಳ ಎದೆಯಲ್ಲಿ ಅಷ್ಟು ದೊಡ್ಡ ಕಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

ಈಚೆಗೆ ಅಪ್ಪ ತುಂಬಾ ನೆನಪಾಗುತ್ತಾರೆ. ಗಣಿಯಲ್ಲಿ ಗಾಡಿ ಓಡಿಸುತ್ತಿದ್ದಾಗ ದಿನಾ ಬೆಳಿಗ್ಗೆ ಅದರ ಸುತ್ತ ಒಂದು ಸುತ್ತು ಬಂದು, ಒಂದೊಂದೇ ಹೋಸನ್ನು ಸವರಿ, ಅಂಗೈ ಎಣ್ಣೆ ಹತ್ತದೆ ಒಣಗಿದ್ದರೆ ಮಾತ್ರ ಕೀಲಿ ತಿರುಗಿಸುತ್ತಿದ್ದರು. ಅದಕ್ಕೆ 'ಮೈ ಸವರೋದು' ಅನ್ನುತ್ತಿದ್ದರು. ನೀನು ಸವರದೆಯೇ ತಪಾಸಣೆ ಹಾಳೆಗೆ ಟಿಕ್ ಹಾಕಿದ ದಿನ ಎಲ್ಲರೆದುರು ಕಪಾಳಕ್ಕೆ ಬಿಟ್ಟರು, ತುಟಿ ಒಡೆದು ಅಂಗಿಯೆಲ್ಲ ರಕ್ತ. "ಟಿಕ್ ಹಾಕ್ಬೇಕಾದ್ದು ಪೆನ್ನಲ್ಲಲ್ಲ ಕಣೋ, ಅಂಗೈಯಲ್ಲಿ." ಆ ದಿನ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಎಡಗೈಯಲ್ಲಿ ಬರೆದದ್ದಕ್ಕೆ ಶಾಲೆಯಲ್ಲಿ ಮೇಷ್ಟ್ರು ಸ್ಕೇಲಿನ ಅಂಚಿನಿಂದ ನಿನ್ನ ಗೆಣ್ಣು ಒಡೆದಾಗಲೂ ಹಾಗೆಯೇ, ಜಗಳಕ್ಕೆ ಹೋದವಳು ನಾನೇ. ನೀನು ಮಾತ್ರ ಕೈ ಬದಲಿಸಲಿಲ್ಲ. ನಿನ್ನ ಅಕ್ಷರ, ಗೀಟು ಎಲ್ಲವೂ ಎಡಕ್ಕೇ ವಾಲಿದವು. "ಗಾಳಿಗೆ ಬಿದ್ದ ಪೈರು" ಎಂದು ನಿನ್ನ ಭಾವ ನಗುತ್ತಿದ್ದರು.

ಭಾನುವಾರ ಆಸ್ಪತ್ರೆಗೆ ಹೋಗಿದ್ದೆ. ಸೂಪರ್‌ವೈಸರನಿಗೆ ನಾಲ್ಕು ಮಾತು ಶಾಪ ಹಾಕಿ ಬರಬೇಕೆಂದೇ ಹೋದದ್ದು. ದವಡೆಗೆ ತಂತಿ ಬಿಗಿದಿದ್ದಾರೆ, ಬಾಯಿ ತೆರೆಯಲಾಗುವುದಿಲ್ಲ. ಅವನ ಹೆಂಡತಿ ಸ್ಲೇಟು ಹಿಡಿದಳು. "ನಾನಲ್ಲ" ಎಂದು ಬರೆದ. ಒರೆಸಿ ಮತ್ತೆ ಅದನ್ನೇ ಬರೆದ. ನಾನು ನಂಬದೆ ಎದ್ದು ಬಂದೆ. ಹಾಳೆಯನ್ನು ಒಮ್ಮೆ ನೀನು, ಒಮ್ಮೆ ಅವನು ತುಂಬುತ್ತಿದ್ದಿರಿ; ಆ ವಾರದ ಹಾಳೆಯೇ ಸಿಕ್ಕಿಲ್ಲ, ಹಾಗಾಗಿ ಟಿಕ್ ಹಾಕಿದ್ದು ಅವನೇ ಎಂದು ಶುಕ್ರವಾರ ನೀನು ಗಟ್ಟಿಯಾಗಿ ಹೇಳಿದರೆ ಶಿಕ್ಷೆ ಅರ್ಧಕ್ಕಿಳಿಯುತ್ತದೆ ಎನ್ನುತ್ತಾರೆ ವಕೀಲರು.

ಊಟ ಬಿಡಬೇಡ. ಅಲ್ಲಿ ಯಾರ ಮೇಲೂ ಕೈ ಎತ್ತಬೇಡ. ನಿನ್ನ ಮೇಲೂ ಯಾರೂ ಎತ್ತದಿರಲಿ ಎಂದು ಈಗಲೂ ಬಯಸುವ,

ನಿನ್ನ ಅಕ್ಕ

ಮರೆತಿದ್ದೆ ಎಂದರೆ ಸುಳ್ಳು; ಮೇಲೆ ಬರೆಯಲು ಕೈ ಬರಲಿಲ್ಲ. ಗಣಿಯವರು ತಂದುಕೊಟ್ಟಿದ್ದ ನಿನ್ನ ಊಟದ ಚೀಲವನ್ನು ನಿನ್ನೆ ಒಗೆಯಲು ತೆಗೆದೆ. ತಳದಲ್ಲಿ ಆ ಹಾಳೆ ಇತ್ತು, ನಾಲ್ಕಾಗಿ ಮಡಚಿದ್ದು. ಒಂದೇ ಪೆನ್ನು, ಆರೂ ದಿನಕ್ಕೆ ಟಿಕ್ಕು, ಎಲ್ಲವೂ ಎಡಕ್ಕೆ ವಾಲಿವೆ. ಭಾವ ಸತ್ತದ್ದು ಗುರುವಾರ. ಶನಿವಾರ ನೀನು ಲಾಕಪ್ಪಿನಲ್ಲಿದ್ದೆ, ಒಡೆದ ಹೋಸು ಪೊಲೀಸರ ಹತ್ತಿರ ಇತ್ತು. ಹಾಳೆಯಲ್ಲಿ ಮಾತ್ರ ಶನಿವಾರವೂ ಹೋಸು ಸರಿ ಇದೆ. ಸೋಮವಾರವೇ ಚಹಾ ಕುಡಿಯುತ್ತ ಇಡೀ ವಾರದ್ದು ಮುಗಿಸಿದ್ದೀಯ, ಲೋಟದ ಗುಂಡು ಕಲೆ ಇನ್ನೂ ಇದೆ. ನೀನೇ ಹಾಕಿದ್ದನ್ನು ಮರೆತು ಅವನಿಗೆ ಹೊಡೆದೆಯೋ, ಗೊತ್ತಿದ್ದೂ ಹೊಡೆದೆಯೋ, ನನಗೆ ಹೇಳಬೇಡ. ಜೈಲಿನವರು ಪತ್ರ ಒಡೆದು ಓದುತ್ತಾರೆಂದು ಗೊತ್ತಿದ್ದೇ ಬರೆದಿದ್ದೇನೆ. ಶುಕ್ರವಾರ ಹಾಳೆ ಹಿಡಿದು ಕೋರ್ಟಿಗೆ ಬರುತ್ತೇನೆ. ಅದಕ್ಕೆ ಮೊದಲು ಟಿಕ್ ಹಾಕಿದ್ದು ನಾನೇ ಎಂದು ನೀನೇ ಬರೆದುಕೊಡು. ಬೆರಳು ನೋಯುತ್ತದೆ, ಗೊತ್ತು. ಎಡಗೈಯಲ್ಲೇ ಬರಿ.